ಜ್ವಾಲಾಮುಖಿ, ಮುಂಗಾರು ಮತ್ತು 'ಧಾತು' ಸಂವತ್ಸರದ ಸ್ಮೃತಿ

ಬರಗಾಲದ ಜನಪದ ನೆನಪುಗಳು ಬಹುಮಟ್ಟಿಗೆ ಸಂವತ್ಸರಗಳ ಹೆಸರಿನಲ್ಲಿ ಉಳಿದುಬಂದಿವೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರನ್ನೊಳಗೊಂಡ ಹಳೆಯ ಧಾರವಾಡ ಜಿಲ್ಲೆಯ ಸೀಮೆಯಲ್ಲಿ 'ಧಾತು ಬರ'ವೆಂದರೆ 1876-78ರ ಮಹಾಕ್ಷಾಮ. ಆದರೆ ಸಂವತ್ಸರಚಕ್ರವು 60 ವರ್ಷಗಳದು. ಆ ಲೆಕ್ಕದಲ್ಲಿ 1816-17 ಕೂಡ ಧಾತು ಸಂವತ್ಸರವೇ. ಒಂದೇ ಹೆಸರಿನ ಈ ಎರಡು ವರ್ಷಗಳ ನಿಸರ್ಗದ ಹಿನ್ನೆಲೆ ಮಾತ್ರ ಒಂದೇ ಅಲ್ಲ.

1815ರ ಏಪ್ರಿಲ್‌ನಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಪರ್ವತವು ಸ್ಫೋಟಿಸಿತು. ಇಂಥ ಸ್ಫೋಟಗಳಲ್ಲಿ ಬೂದಿಯ ಬಹುಭಾಗ ಬೇಗನೆ ನೆಲಕ್ಕಿಳಿಯುತ್ತದೆ. ದೀರ್ಘಕಾಲ ಹವಾಮಾನವನ್ನು ಕದಡುವುದು ಗಂಧಕದ ಡೈಆಕ್ಸೈಡ್. ಈ ಅನಿಲವು ಮೋಡಗಳಿಗಿಂತ ಎತ್ತರದ ಸ್ತರಗೋಳವನ್ನು ಸೇರಿ ಗಂಧಕಾಮ್ಲದ ಸೂಕ್ಷ್ಮ ಹನಿಗಳಾಗುತ್ತದೆ. ಮಳೆ ತೊಳೆಯಲಾರದ ಆ ಎತ್ತರದಲ್ಲಿ ಅವು ಒಂದೆರಡು ವರ್ಷ ನಿಂತು ಬಿಸಿಲನ್ನು ಹಿಂದಕ್ಕೆ ಚೆದುರಿಸುತ್ತವೆ. 1816 ಯುರೋಪಿನಲ್ಲಿಯೂ ಈಶಾನ್ಯ ಅಮೆರಿಕದಲ್ಲಿಯೂ 'ಬೇಸಿಗೆಯಿಲ್ಲದ ವರ್ಷ'ವೆನಿಸಿತು. ಕಡಲಿಗಿಂತ ನೆಲ ಹೆಚ್ಚು ತಣಿಯುವುದರಿಂದ ಇವೆರಡರ ನಡುವಣ ಉಷ್ಣತೆಯ ಅಂತರ ಕುಗ್ಗಿ, ಮುಂಗಾರಿನ ಬಲವೂ ತಗ್ಗುತ್ತದೆ. 1816ರಲ್ಲಿ ಭಾರತದ ಮುಂಗಾರು ಏರುಪೇರಾಯಿತು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸ್ಫೋಟಿಸಿದ ನಂತರ ಜಗತ್ತಿನ ಸರಾಸರಿ ಉಷ್ಣತೆ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿದುದು ಈ ಕಾರ್ಯವಿಧಾನವನ್ನು ಅಳತೆಯಿಂದಲೇ ದೃಢಪಡಿಸಿತು.

1876ರ ಮಳೆ ಕೈಕೊಟ್ಟುದಕ್ಕೆ ಮುಖ್ಯ ಕಾರಣ ಜ್ವಾಲಾಮುಖಿಯಲ್ಲ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯೇರುವ ಪ್ರಬಲ ಎಲ್ ನಿನೋ. ಇನ್ನು 1883ರ ಆಗಸ್ಟ್‌ನ ಕ್ರಾಕಟೋವಾ ಸ್ಫೋಟದ ನಂತರ ಮದರಾಸು, ಸಿಂಹಳಗಳಲ್ಲಿ ಸೂರ್ಯನು ಹಸಿರಾಗಿ ಕಂಡನು. ಆದುದರಿಂದ ಬರ, ಸೂರ್ಯನ ಬಣ್ಣಗೇಡು, ಸಂವತ್ಸರನಾಮ ಇವು ಒಂದೇ ಕಥನದಲ್ಲಿ ಬೆರೆತು ಬಂದಾಗ ಮೂರನ್ನೂ ಬಿಡಿಸಿ ನೋಡಬೇಕಾಗುತ್ತದೆ.

ಕಾಲನಿರ್ಣಯಕ್ಕೆ ಕಥನದೊಳಗಿನ ಆಧಾರಗಳೇ ನೆರವಾಗುತ್ತವೆ. 1816ರಲ್ಲಿ ಈ ಸೀಮೆ ಪೇಶ್ವೆಯರ ಆಳ್ವಿಕೆಯಲ್ಲಿತ್ತು. ಥಾಮಸ್ ಮನ್ರೋ ಇದನ್ನು ಬ್ರಿಟಿಷರಿಗೆ ಗೆದ್ದುಕೊಟ್ಟುದು 1817-18ರಲ್ಲಿ. ಬ್ರಿಟಿಷ್ ಸರ್ಕಾರದ ಬರಪರಿಹಾರ ಕಾಮಗಾರಿ, ಗಂಜಿಕೇಂದ್ರಗಳು ಬರುವ ಧಾತು ಕಥನ 1876ಕ್ಕೆ ಸಲ್ಲುತ್ತದೆ. ಅಂಥ ಗುರುತುಗಳಿಲ್ಲದಾಗ ಹೆಸರೊಂದನ್ನೇ ನೆಚ್ಚಿ ತಂಬೋರಾಕ್ಕೆ ಗಂಟುಹಾಕುವುದೂ ಸಲ್ಲದು, 1876ಕ್ಕೆ ಸೇರಿಸಿ ಸುಮ್ಮನಾಗುವುದೂ ಸಲ್ಲದು. ರೋಹಿಣಿ, ಮೃಗಶಿರಗಳ ಮಳೆಯನ್ನು ನಂಬಿ ಬಿತ್ತಿದ ರೈತನಿಗೆ ದೂರದ್ವೀಪದ ಬೆಂಕಿ ಗೋಚರಿಸದು. ಅವನು ಉಳಿಸಿಟ್ಟುದು ವರ್ಷದ ಹೆಸರನ್ನು ಮತ್ತು ಹಸಿವಿನ ನೆನಪನ್ನು. ಆ ನೆನಪಿಗೆ ಸರಿಯಾದ ಕಾಲವನ್ನೂ ಕಾರಣವನ್ನೂ ಗುರುತಿಸಿಕೊಡುವುದು ಜಾನಪದ ಸಂಶೋಧನೆಯ ಹೊಣೆಯಾಗಿದೆ.