ಶ್ರುತಿಪೆಟ್ಟಿಗೆಯ ಕಥೆ

ಹೆಣ್ಣು ನೋಡಲು ಬಂದವರು "ಒಂದು ಹಾಡು ಹೇಳಮ್ಮಾ" ಎನ್ನುತ್ತಿದ್ದ ಕಾಲ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆ ಒಂದು ಹಾಡಿಗಾಗಿಯೇ ಎಷ್ಟೋ ಮನೆಗಳಿಗೆ ಹಾರ್ಮೋನಿಯಂ ಬಂತು. ಮದುವೆಯಾದ ಮೇಲೆ ಅದು ಅಟ್ಟ ಸೇರಿತು. ಶಾಲೆಯಲ್ಲಿ ಸಂಗೀತ ಕಲಿಸುತ್ತಲೇ ವಯಸ್ಸು ಕಳೆದ ನನಗೆ, ಇಂಥ ಯಂತ್ರಗಳ ಚರಿತ್ರೆಯಲ್ಲಿ ಹೆಂಗಸರ ಚರಿತ್ರೆಯೂ ಒಂದಿಷ್ಟು ಸೇರಿಕೊಂಡಿದೆ ಎನಿಸುತ್ತದೆ.

ಹಾರ್ಮೋನಿಯಂ ಹುಟ್ಟಿದ್ದು 19ನೆಯ ಶತಮಾನದ ಯೂರೋಪಿನಲ್ಲಿ, ಕಾಲಿನಿಂದ ತುಳಿದು ನುಡಿಸುವ ವಾದ್ಯವಾಗಿ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಲ್ಲಿ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ತಂಬೂರಿಯ ಬಿರಡೆ ತಿರುಗಿಸಿ ಶ್ರುತಿ ಕೂಡಿಸುವಷ್ಟರಲ್ಲಿ ಶಾಲೆಯ ಪೀರಿಯಡ್ಡಿನ ಕಾಲುಭಾಗ ಮುಗಿದಿರುತ್ತದೆ. ಹಾರ್ಮೋನಿಯಂ ಸದಾ ಸಿದ್ಧ. ಐವತ್ತು ಮಕ್ಕಳ ಗದ್ದಲದಲ್ಲೂ ಕೇಳಿಸುತ್ತದೆ. ಆದರೆ ಅದರ ಮನೆಗಳು ಸ್ಥಿರ. ಸ್ವರದಿಂದ ಸ್ವರಕ್ಕೆ ಜಾರಲಾರದು, ಗಮಕ ಅದಕ್ಕೆ ಒಗ್ಗದು. ಈ ಕೊರತೆಯ ಕಾರಣಕ್ಕೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಬಹಿಷ್ಕರಿಸಿತು. ಆ ನಿಷೇಧ ಸ್ವಲ್ಪ ಸಡಿಲವಾದದ್ದು 1971ರಲ್ಲಿ. ಅಷ್ಟು ಕಾಲವೂ ಶಾಲೆಯ ಪ್ರಾರ್ಥನೆ, ಭಜನೆ, ನಾಟಕಗಳಲ್ಲಿ ಅದು ಮೆರೆಯುತ್ತಲೇ ಇತ್ತು.

ಇನ್ನು ಗ್ರಾಮಫೋನ್. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಪ್ಲೇಟಾಯಿತು. ಒಂದು ರಾಗಕ್ಕೆ ದೊರೆಯುತ್ತಿದ್ದದ್ದು ಮೂರೇ ನಿಮಿಷ! 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅಂಥ ವೃತ್ತಿಗಾಯಕಿಯರನ್ನು 'ಮರ್ಯಾದಸ್ಥರ' ಮನೆಯ ಹೆಂಗಸರು ಒಳಗೆ ಕರೆಯುವಂತಿರಲಿಲ್ಲ. ಸಭೆಗೆ ಹೋಗಿ ಕೇಳುವುದಂತೂ ದೂರವೇ ಉಳಿಯಿತು. ಆದರೆ ಪ್ಲೇಟಿನ ಮೇಲೆ ಕುಳಿತ ದನಿಯನ್ನು ಹೊಸ್ತಿಲಲ್ಲಿ ಯಾರೂ ತಡೆಯಲಿಲ್ಲ. ಮುಂದೆ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬಾನುಲಿ ಆರಂಭಿಸಿದರು. ಆ ಕೇಂದ್ರಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರು ಕೊನೆಗೆ ಇಡೀ ದೇಶದ್ದಾಯಿತು. ಒಲೆಯ ಮುಂದಿದ್ದವಳಿಗೂ ಕಛೇರಿ ಕೇಳಿಸಿತು.

ಕೇಳುವುದು ಬೇರೆ, ಕಲಿಯುವುದು ಬೇರೆ. ಕಲಿಕೆಗೆ ನೆರವಾದದ್ದು ಕ್ಯಾಸೆಟ್. ಗುರುಗಳನ್ನು "ಇನ್ನೊಮ್ಮೆ ಹಾಡಿ" ಎಂದು ಹತ್ತು ಸಲ ಕೇಳಲು ಸಂಕೋಚ; ಟೇಪಿಗೆ ಆ ದಾಕ್ಷಿಣ್ಯವಿಲ್ಲ. 1979ರ ಸುಮಾರಿಗೆ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದರು. ಈಗ ಅದೂ ಮೊಬೈಲಿನೊಳಗೆ ಅಡಗಿದೆ.

ನನ್ನ ಒಬ್ಬ ವಿದ್ಯಾರ್ಥಿನಿಯ ಮನೆ ವಠಾರದ ಒಂದೇ ಕೋಣೆ. ತಂಬೂರಿ ಇಡಲು ಜಾಗವಿಲ್ಲ, ಕೊಳ್ಳಲು ಹಣವಿಲ್ಲ. ಅಮ್ಮನ ಮೊಬೈಲಿನಲ್ಲಿ ಶ್ರುತಿ ಹಾಕಿ, ಕಿವಿಗೆ ಸಿಕ್ಕಿಸಿಕೊಂಡು, ನೆರೆಯವರು ಬೈಯದಂತೆ ಪಿಸುದನಿಯಲ್ಲಿ ಸರಳೆ ವರಸೆ ಸಾಧಿಸಿದಳು. ಜೂನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದಳು. ಯಂತ್ರವನ್ನು ಹಳಿಯುವವರಿಗೆ ನಾನು ಹೇಳುವುದು ಇವಳ ವಿಷಯವನ್ನೇ.

ಆದರೂ ತರಗತಿಯಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಪಾಠದ ನಡುವೆ ಪೆಟ್ಟಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬರಿಗಂಟಲಲ್ಲಿ ಷಡ್ಜ ಹಿಡಿಸಿ, ಮತ್ತೆ ಪೆಟ್ಟಿಗೆ ಹಾಕುವುದು. ದನಿ ಎಷ್ಟು ಕೆಳಗಿಳಿದಿದೆ ಎಂದು ಮಕ್ಕಳೇ ಕಂಡುಕೊಂಡು ನಗುತ್ತಿದ್ದರು. ಬಿರಡೆ ತಿರುಗಿಸುತ್ತ ಹಿಂದಿನವರ ಕಿವಿ ತಾನಾಗಿಯೇ ಪಳಗುತ್ತಿತ್ತು. ಗುಂಡಿಯೊತ್ತಿದ ಮಾತ್ರಕ್ಕೆ ಆ ಕಿವಿ ಬರುವುದಿಲ್ಲ. ಅದನ್ನು ಬೇರೆಯಾಗಿ ಕಲಿಸಬೇಕು. ಯಂತ್ರ ಬಂತೆಂದು ಸಂಗೀತದ ಮೇಷ್ಟರು, ಟೀಚರುಗಳನ್ನು ಕೈಬಿಡುವ ಶಾಲೆಗಳು ಇಷ್ಟನ್ನು ಯೋಚಿಸಿದರೆ ಸಾಕು.