ಬಿದ್ದವನು ಏರುವ ವಿದ್ಯೆ

ಮರೋಳ ಎಂದೊಡನೆ ಶಾಸನಾಭ್ಯಾಸಿಗಳಿಗೆ ಚಾಲುಕ್ಯ ಎರಡನೆಯ ಜಯಸಿಂಹನ ಕಾಲದ ಕಲ್ಬರಹ ನೆನಪಾಗುತ್ತದೆ. ಇಂದಿನ ರೈತರಿಗೆ ನಾರಾಯಣಪುರದ ಹಿನ್ನೀರನ್ನು ಮೇಲೆತ್ತಿ ಹೊಲಕ್ಕೆ ಹನಿಸುವ ರಾಮಥಾಳ-ಮರೋಳ ನೀರಾವರಿ ಯೋಜನೆ ನೆನಪಾಗುತ್ತದೆ. ನಾನಿಂದು ಹೇಳಹೊರಟಿರುವುದು ಶಾಸನದಲ್ಲಿಯೂ ಯೋಜನೆಯ ಕಡತದಲ್ಲಿಯೂ ಸಿಗದ ಒಂದು ವಿದ್ಯೆಯ ಮಾತು. ಮೀನು ಹಿಡಿಯುವಾಗ ಹರಿಗೋಲಿನಿಂದ ನೀರಿಗೆ ಬಿದ್ದವನು ಪರರ ನೆರವಿಲ್ಲದೆ ಮರಳಿ ಅದನ್ನೇರುವ ವಿದ್ಯೆ ಅದು.

ಹರಿಗೋಲಿನ ಚರಿತ್ರೆಗೆ ಆಧಾರಗಳ ಕೊರತೆಯಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಒಳಗೆ ಹೆಣಿಗೆ, ಹೊರಗೆ ತೊಗಲು ಇರುವ ಈ ಬುಟ್ಟಿದೋಣಿಗಳನ್ನು ಬಣ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತವೆ ಎಂದಿದ್ದಾನೆ. ಆದರೆ ಅದರಿಂದ ಬಿದ್ದವರು ಏನು ಮಾಡುತ್ತಿದ್ದರೆಂದು ಹೇಳಲಿಲ್ಲ. ಹೊಳೆ ದಾಟಿದವನಿಗೆ ಅಂಬಿಗನ ಹಂಗಿಲ್ಲವೆಂಬ ಲೋಕದ ಮಾತು ಚರಿತ್ರೆ ಬರೆದವರಿಗೂ ಸಲ್ಲುತ್ತದೆ.

ಇದಕ್ಕೆ ಪ್ರತಿಯಾಗಿ ದೂರದ ಗ್ರೀನ್‌ಲ್ಯಾಂಡನ್ನು ನೋಡೋಣ. ಅಲ್ಲಿನ ಇನುಯಿಟ್ ಬೇಟೆಗಾರರು ಸೀಲ್ ಪ್ರಾಣಿಯ ತೊಗಲು ಹೊದಿಸಿದ ಕಯಾಕ್ ಎಂಬ ಕಿರುದೋಣಿಯಲ್ಲಿ ಸೊಂಟದವರೆಗೆ ಬಿಗಿದು ಕೂರುತ್ತಿದ್ದರು. ದೋಣಿ ಮಗುಚಿದರೆ ಹೊರಬರುವಂತಿಲ್ಲ; ಹಿಮದಂತಹ ಆ ನೀರಿನಲ್ಲಿ ಈಜಿ ಬದುಕುವಂತೆಯೂ ಇಲ್ಲ. ಆದ್ದರಿಂದ ಹುಟ್ಟನ್ನು ಬೀಸಿ ದೋಣಿಯೊಡನೆಯೇ ಮೇಲೇಳುವುದನ್ನು ಅವರು ಅಭ್ಯಾಸ ಮಾಡುತ್ತಿದ್ದರು. ಮಿಷನರಿ ಡೇವಿಡ್ ಕ್ರಾಂಟ್ಸ್ 1765ರಲ್ಲಿ ಪ್ರಕಟಿಸಿದ ಗ್ರೀನ್‌ಲ್ಯಾಂಡಿನ ಇತಿಹಾಸದಲ್ಲಿ ಇಂತಹ ಹತ್ತು ಬಗೆಯ ಅಭ್ಯಾಸಗಳನ್ನು ಎಣಿಸಿದ್ದಾನೆ. ಹುಟ್ಟು ಕಳೆದುಹೋದಾಗ ಬರಿಗೈಯಿಂದ ಏಳುವ ಬಗೆಯೂ ಅವುಗಳಲ್ಲಿದೆ. 1927ರಲ್ಲಿ ಆಸ್ಟ್ರಿಯದ ಹಾನ್ಸ್ ಪಾವ್ಲಾಟಾ ಈ ವಿದ್ಯೆಯನ್ನು ತಾನೇ ಸಾಧಿಸಿಕೊಂಡದ್ದು ಇಂತಹ ಬರಹಗಳ ಬಲದಿಂದ.

ನಮ್ಮಲ್ಲಿ ಆ ಬರಹವಿಲ್ಲ. ವಿದ್ಯೆ ಮಾತ್ರ ಇತ್ತು. ಬಾಲ್ಯದಲ್ಲಿ ಬೇಸಗೆಯ ರಜೆಗೆ ನಾನು ಮರೋಳದಿಂದ ಮಲಪ್ರಭೆಯ ದಂಡೆಯಲ್ಲಿದ್ದ ಸೋದರಮಾವನ ಊರಿಗೆ ಹೋಗುತ್ತಿದ್ದೆ. ಅಲ್ಲಿನ ಅಂಬಿಗರ ಮುತ್ಯಾ ಒಬ್ಬರು ಎದೆಮಟ್ಟದ ನೀರಿನಲ್ಲಿ ಹುಡುಗರನ್ನು ಬೇಕೆಂದೇ ಕೆಡವುತ್ತಿದ್ದರು. ಮೊದಲ ಪಾಠ, ಹುಟ್ಟು ಹೋದರೂ ಹರಿಗೋಲಿನ ಅಂಚನ್ನು ಬಿಡಬಾರದು. ಬಿದಿರಿನ ಬುಟ್ಟಿ ಮಗುಚಿದರೂ ತೇಲುತ್ತದೆ, ಮನುಷ್ಯನ ತೋಳು ಬೇಗ ಸೋಲುತ್ತದೆ. ಎರಡನೆಯದು, ಸೆಳವಿರುವಲ್ಲಿ ಹರಿಗೋಲಿನ ಕೆಳಬದಿಗೆ ಇರಬಾರದು. ನೀರು ತುಂಬಿದ ಬುಟ್ಟಿ ಆಳನ್ನು ಬಂಡೆಗೆ ಒತ್ತಿಬಿಡುತ್ತದೆ. ಮೂರನೆಯದು ಕಠಿಣ. ಅಂಚಿಗೆ ಜೋತು ನೆಟ್ಟಗೆ ಏಳಹೋದರೆ ಕಾಲು ತಳದಡಿ ಸೇರುತ್ತದೆ, ಅಂಚು ತಗ್ಗಿ ನೀರು ಒಳನುಗ್ಗುತ್ತದೆ. ಕಾಲು ಬಡಿದು ದೇಹವನ್ನು ನೀರಿನ ಮೇಲೆ ಮಲಗಿಸಿ, ಹೊಟ್ಟೆಯನ್ನು ಅಂಚಿನ ಮೇಲೆ ಜಾರಿಸಿ, ಒಳಕ್ಕೆ ಉರುಳಬೇಕು. ಜೊತೆಗಾರನಿದ್ದರೆ ಅವನು ಎದುರಂಚಿಗೆ ಭಾರ ಹಾಕಬೇಕು. ಏನೂ ಆಗದಿದ್ದರೆ ಅಂಚು ಹಿಡಿದು ಕಾಲು ಬಡಿಯುತ್ತ ದಡ ಸೇರಬೇಕು, ಅದೂ ವಿದ್ಯೆಯೇ.

ನಾನು ಏಳೆಂಟು ಸಲ ಬಿದ್ದು ಒಂದೇ ಸಲ ಏರಿದೆ. ನಾಚಿ ನಿಂತಾಗ ಮುತ್ಯಾ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ತಮ್ಮಾ, ಬೀಳೂದನ್ನ ಹೊಳಿ ಕಲಸ್ತೈತಿ. ಹತ್ತೂದನ್ನ ನಾವ ಕಲೀಬೇಕು.”

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡು, ಕೂಡಲಸಂಗಮದವರೆಗೆ ಹಿನ್ನೀರು ನಿಂತಿತು. ನಾವು ಬಿದ್ದು ಕಲಿತ ಬೇಸಗೆಯ ತೆಳುನೀರು ಅದರಡಿ ಸೇರಿತು. ಈಗ ನೀರು ಆಳ, ಹರವು ವಿಶಾಲ. ಗಾಳಿ ಎದ್ದರೆ ಅಲೆಯೂ ಏಳುತ್ತದೆ. ತೊಗಲಿನ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಕೆಲವು ದಿನಗಳ ಹಿಂದೆ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಯುವಕನೊಬ್ಬನನ್ನು, ಬಿದ್ದು ಏರುವುದನ್ನು ಎಂದಾದರೂ ಮಾಡಿ ನೋಡಿದ್ದೀಯಾ ಎಂದು ಕೇಳಿದೆ. “ಬಿದ್ದಾಗ ನೋಡೂಣು ಬಿಡ್ರಿ ಸರ” ಎಂದು ನಕ್ಕ. ಅವನ ಬಳಿ ಲೈಫ್ ಜಾಕೆಟ್ಟೂ ಇರಲಿಲ್ಲ.

ನಾನು ಆ ನಗೆಗೆ ಉತ್ತರ ಹೇಳದೆ ಬಂದೆ. ಇಲ್ಲಿ ಹೇಳುತ್ತಿದ್ದೇನೆ. ಬಿದ್ದಾಗ ನೋಡಲು ಪುರಸೊತ್ತಿರುವುದಿಲ್ಲ. ಮುಂಗಾರಿಗೆ ಮುನ್ನ ಒಂದು ದಿನ, ದಂಡೆಯ ಸಮೀಪದಲ್ಲಿ, ಲೈಫ್ ಜಾಕೆಟ್ ತೊಟ್ಟು, ಬಲ್ಲ ಹಿರಿಯರು ನೋಡುತ್ತಿರುವಾಗ, ಮೀನುಗಾರರ ಮಕ್ಕಳು ಬೇಕೆಂದೇ ಬಿದ್ದು ಏರಲಿ. ಗ್ರೀನ್‌ಲ್ಯಾಂಡಿನವರ ವಿದ್ಯೆಯನ್ನು ಪರದೇಶಿಯೊಬ್ಬ ಬರೆದಿಟ್ಟ. ನಮ್ಮ ಅಂಬಿಗರ ವಿದ್ಯೆಯನ್ನು ಬಲ್ಲ ಮುತ್ಯಾಗಳು ಇನ್ನೂ ಕೆಲವರಿರುವಾಗಲೇ ನಾವು ಕೇಳಿ ಬರೆದಿಡಬೇಕು.