ರೆಡ್ ಹಿಲ್ಸ್ ರೈಲುಮಾರ್ಗ

ಮದರಾಸಿನ (ಇಂದಿನ ಚೆನ್ನೈ) ವಾಯವ್ಯಕ್ಕಿರುವ ರೆಡ್ ಹಿಲ್ಸ್ ಹಳ್ಳಿಗಾಡಿನಿಂದ ಚಿಂತಾದ್ರಿಪೇಟೆ ಸೇತುವೆಯ ಬಳಿಗೆ ಕಲ್ಲು ಸಾಗಿಸಲು 1837ರಲ್ಲಿ ಆರಂಭವಾದ ಸರಕು ರೈಲುಮಾರ್ಗ. ಭಾರತದ ಮೊದಲ ರೈಲುಮಾರ್ಗವೆಂದು ಸಾಮಾನ್ಯವಾಗಿ ಇದನ್ನೇ ಎಣಿಸುತ್ತಾರೆ. 1840ರ ದಶಕದ ಮಧ್ಯಭಾಗದ ಹೊತ್ತಿಗೆ ಇದರ ಬಳಕೆ ನಿಂತಿತ್ತು.

ನೆಲೆ

1876ರಲ್ಲಿ ಸಿದ್ಧವಾದ ಪುಳಲ್ ಜಲಾಶಯದಿಂದ ರೆಡ್ ಹಿಲ್ಸ್ ಇಂದು ಪರಿಚಿತ. ಇನ್ನೊಂದು ತುದಿಯಾದ ಚಿಂತಾದ್ರಿಪೇಟೆ ಕೂವಂ ನದಿಯ ದಂಡೆಯಲ್ಲಿ 1734ರಲ್ಲಿ ನೇಕಾರರಿಗಾಗಿ ಎದ್ದ ಊರು; ಚೆನ್ನೈ ಸೆಂಟ್ರಲ್ ರೈಲು ನಿಲ್ದಾಣದಿಂದ ದಕ್ಷಿಣಕ್ಕೆ ಸಿಗುತ್ತದೆ. ಮರಳುನೆಲದ ಮೇಲೆ ಬೆಳೆದ ಮದರಾಸಿಗೆ ರಸ್ತೆ ಹಾಕಲು ಕಲ್ಲು ಹೊರಗಿನಿಂದಲೇ ಬರಬೇಕಿತ್ತು. ಈ ಹಳಿಯ ಮೇಲೆ ಬಂದದ್ದು ಮುರಕಲ್ಲು ಎಂದು ಕೆಲವು ಬರಹಗಳು ಹೇಳುತ್ತವೆ, ಗ್ರಾನೈಟ್ ಎಂದು ಇನ್ನು ಕೆಲವು. ರೆಡ್ ಹಿಲ್ಸಿನ ಕೆಂಪು ನೆಲಕ್ಕೆ ಮೊದಲನೆಯದೇ ಹೊಂದುತ್ತದೆ.

ಎಂಜಿನ್

ಇದರ ಎಂಜಿನ್ ಅಮೆರಿಕದ ಸಿರಕ್ಯೂಸಿನ ವಿಲಿಯಂ ಆವೆರಿ 1831ರಲ್ಲಿ ಪೇಟೆಂಟ್ ಪಡೆದ ತಿರುಗು ಉಗಿ ಎಂಜಿನ್ನಿನ ಮಾದರಿಯದು. ಇದರಲ್ಲಿ ಸಿಲಿಂಡರ್ ಇಲ್ಲ, ಪಿಸ್ಟನ್ನೂ ಇಲ್ಲ. ಟೊಳ್ಳಾದ ಅಚ್ಚಿನ ಮೂಲಕ ಉಗಿ ಎರಡು ಟೊಳ್ಳು ತೋಳುಗಳಿಗೆ ನುಗ್ಗುತ್ತದೆ. ತೋಳುಗಳ ತುದಿಯಲ್ಲಿ ವಿರುದ್ಧ ದಿಕ್ಕುಗಳಿಗೆ ಮುಖಮಾಡಿದ ಕಿರುಕಿಂಡಿಗಳಿಂದ ಅದು ಚಿಮ್ಮಿದಾಗ ತೋಳುಗಳು ಹಿಮ್ಮುಖವಾಗಿ ಸುತ್ತುತ್ತವೆ. ದೀಪಾವಳಿಯ ನೆಲಚಕ್ರ ತಿರುಗುವುದೂ ಹೀಗೆಯೇ. ಅಲೆಕ್ಸಾಂಡ್ರಿಯದ ಹೀರೋ ಸುಮಾರು ಒಂದನೆಯ ಶತಮಾನದಲ್ಲೇ ಈ ತತ್ತ್ವವನ್ನು ವಿವರಿಸಿದ್ದ. ಆದರೆ ಇಂಥ ಯಂತ್ರ ವಿಪರೀತ ವೇಗದಲ್ಲಿ ಸುತ್ತಿದಾಗ ಮಾತ್ರ ಲಾಭಕರ. ನಿಧಾನವಾದಷ್ಟೂ ಉಗಿ ವ್ಯರ್ಥ. ಅಮೆರಿಕದ ಮರಕೊಯ್ಯುವ ಗಿರಣಿಗಳಲ್ಲಿ ಇದು ಕೆಲಸಕ್ಕೆ ಬಂದದ್ದು ದುಂಡು ಗರಗಸಕ್ಕೆ ವೇಗವೇ ಬೇಕಾದ್ದರಿಂದ. ಕಲ್ಲು ತುಂಬಿ ನಿಂತ ಬಂಡಿಗಳನ್ನು ಕದಲಿಸಲು ಬೇಕಾದದ್ದು ವೇಗವಲ್ಲ, ನಿಧಾನದ ಎಳೆತ. ಈ ಮಾರ್ಗದಲ್ಲಿ ಬಂಡಿಗಳನ್ನು ಬಹುಮಟ್ಟಿಗೆ ಪ್ರಾಣಿಗಳೇ ಎಳೆದವು ಎಂಬ ಮಾತಿಗೆ ಇದು ಪುಷ್ಟಿ ಕೊಡುತ್ತದೆ.

ಆರ್ಥರ್ ಕಾಟನ್

ಮಾರ್ಗದ ರೂವಾರಿ ಎಂಜಿನಿಯರ್ ಆರ್ಥರ್ ಕಾಟನ್ (1803–1899). ಗೋದಾವರಿಯ ಧವಳೇಶ್ವರದಲ್ಲಿ ಅಣೆಕಟ್ಟಿನ ಕಲ್ಲು ಸಾಗಿಸಲೂ 1845ರ ಸುಮಾರಿಗೆ ಹಳಿ ಹಾಕಿಸಿದ. ಭಾರತಕ್ಕೆ ರೈಲಿಗಿಂತ ಕಾಲುವೆಯೇ ಹಿತ ಎಂದು ಮುಂದೆ ಹಟ ಹಿಡಿದು ವಾದಿಸಿದವನೂ ಇವನೇ. ಬಳ್ಳಾರಿ ಸೀಮೆಗೆ ತುಂಗಭದ್ರೆಯ ನೀರು ಹರಿಸುವ ಯೋಚನೆಯನ್ನು 1860ರಲ್ಲಿ ಮುಂದಿಟ್ಟವನೆಂದು ಕನ್ನಡನಾಡಿನ ನೀರಾವರಿ ಚರಿತ್ರೆಯಲ್ಲೂ ಕಾಟನ್ನನ ಹೆಸರಿದೆ.

ಸ್ಥಾನ

‘ಮೊದಲ ರೈಲು’ ಎಂಬ ಪಟ್ಟ ಹಳಿಗೆ ಮಾತ್ರ ಸಲ್ಲುತ್ತದೆ. ಟಿಕೆಟ್ಟು, ವೇಳಾಪಟ್ಟಿಗಳ ಸಾರ್ವಜನಿಕ ರೈಲು ಇದಲ್ಲ. ಅಂಥದು ಮುಂಬಯಿ–ಠಾಣೆ ನಡುವೆ 1853ರ ಏಪ್ರಿಲ್ 16ರಂದು ಓಡಿತು. ಮದರಾಸಿನಲ್ಲಿ ಪ್ರಯಾಣಿಕರ ಮೊದಲ ರೈಲು ಹೊರಟದ್ದು 1856ರ ಜುಲೈ 1ರಂದು, ರಾಯಪುರಂನಿಂದ ವಾಲಾಜಾ ರೋಡಿಗೆ.